ಒಂದು ಹೆಜ್ಜೆ

ಆಟದಲ್ಲಿ ಗೆದ್ದವರ ಕಡೆ ಮಾತು ಬೇಗ ಮುಗಿದುಹೋಗುತ್ತದೆ. ಹಾರ ಹಾಕಿ, ಮೆರವಣಿಗೆ ಮಾಡಿ, ಸಿಹಿ ಹಂಚಿದ ಮೇಲೆ ಅಲ್ಲಿ ಹೇಳುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಸೋತವರ ಕಡೆಯ ಮಾತು ಹಾಗಲ್ಲ. ಅದು ಅಂದಿನ ರಾತ್ರಿ ಮೊದಲಾಗುತ್ತದೆ, ಮರುದಿನ ಬೆಳೆಯುತ್ತದೆ, ಕೆಲವೊಮ್ಮೆ ತಲೆಮಾರುಗಳನ್ನೇ ದಾಟುತ್ತದೆ. ಆ ಚೆಂಡನ್ನು ಬಿಡಬಾರದಿತ್ತು, ಈ ಆಟಗಾರನನ್ನು ಇಳಿಸಬಾರದಿತ್ತು, ಅವನು ಅಲ್ಲಿ ನಿಲ್ಲದೆ ಇಲ್ಲಿ ನಿಂತಿದ್ದರೆ ಗೆಲುವು ನಮ್ಮದೇ ಆಗುತ್ತಿತ್ತು! ಕ್ರಿಕೆಟ್ ಪಂದ್ಯದ ಮರುದಿನ ಹಳ್ಳಿಯ ಅರಳಿಕಟ್ಟೆಯ ಮೇಲೆ ನಡೆಯುವ ವಾಗ್ವಾದವನ್ನು ಕೇಳಿದವರಿಗೆ ಇದೇನೂ ಹೊಸದಲ್ಲ. ಆದರೆ ಅರ್ಧ ಶತಮಾನ ಕಳೆದರೂ ಮುಗಿಯದ ವಾದವೊಂದು ಬ್ರೆಜಿಲ್ ದೇಶದಲ್ಲಿ ನಡೆಯಿತು. ಕಾಲ್ಚೆಂಡಾಟದ ಗೋಲ್‌ಕೀಪರನೊಬ್ಬನು ಇಟ್ಟ ಒಂದು ಹೆಜ್ಜೆಯೇ ಆ ವಾದದ ವಿಷಯ.

1950ರಲ್ಲಿ ವಿಶ್ವ ಕಾಲ್ಚೆಂಡು ಪಂದ್ಯಾವಳಿ ಬ್ರೆಜಿಲಿನಲ್ಲಿ ಏರ್ಪಟ್ಟಿತು. ಎರಡನೆಯ ಮಹಾಯುದ್ಧದ ಕಾರಣದಿಂದ 1938ರ ಅನಂತರ ಅದು ನಿಂತೇಹೋಗಿತ್ತು. ಯುದ್ಧದಿಂದ ಬಳಲಿದ ದೇಶಗಳು ಹಲವು. ಕೊನೆಗೆ ಬಂದು ಸೇರಿದ್ದು ಹದಿಮೂರು ತಂಡಗಳು ಮಾತ್ರ. ಭಾರತಕ್ಕೂ ಅಲ್ಲಿ ಸ್ಥಾನ ದೊರೆತಿತ್ತು. ಆದರೆ ನಮ್ಮ ತಂಡ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಅನುಮತಿ ಸಿಗಲಿಲ್ಲವಾದ್ದರಿಂದ ಹೋಗಲಿಲ್ಲವೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಒಲಿಂಪಿಕ್ ಕ್ರೀಡೆಗಳಿಗೆ ಕೊಟ್ಟ ಬೆಲೆಯನ್ನು ಆಗಿನ ನಮ್ಮ ಸಂಘಟಕರು ಈ ಪಂದ್ಯಾವಳಿಗೆ ಕೊಡಲಿಲ್ಲವೆಂಬುದೇ ಸತ್ಯಕ್ಕೆ ಹೆಚ್ಚು ಹತ್ತಿರವಾದ ಮಾತು. ಅದು ಬೇರೆಯೇ ಒಂದು ಕಥೆ.

ಈ ಪಂದ್ಯಾವಳಿಗಾಗಿ ರಿಯೊ ಡಿ ಜನೈರೊ ನಗರದಲ್ಲಿ ಮರಕಾನ ಎಂಬ ಮಹಾಕ್ರೀಡಾಂಗಣವನ್ನು ಕಟ್ಟಲಾಯಿತು. 1948ರ ಆಗಸ್ಟಿನಲ್ಲಿ ಆರಂಭವಾದ ಕೆಲಸ, ಪಂದ್ಯಗಳು ಮೊದಲಾಗುವ ಹೊತ್ತಿಗೆ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಆದರೂ ಜಗತ್ತಿನ ಅತಿ ದೊಡ್ಡ ಕ್ರೀಡಾಂಗಣ ತಮ್ಮದೆಂಬ ಹೆಮ್ಮೆ ಬ್ರೆಜಿಲಿನವರಿಗೆ. ಅಂಥ ಮನೆಯನ್ನು ಕಟ್ಟಿದವರು ವಿಶ್ವಕಪ್ಪು ಬೇರೆಯವರ ಮನೆಗೆ ಹೋಗುವುದೆಂದು ಎಣಿಸುವುದುಂಟೆ? ಅದುವರೆಗೆ ಬ್ರೆಜಿಲ್ ಒಮ್ಮೆಯೂ ಆ ಕಪ್ಪನ್ನು ಗೆದ್ದಿರಲಿಲ್ಲ. ಈ ಬಾರಿ ಗೆಲ್ಲದೆ ಬಿಡುವುದಿಲ್ಲವೆಂದು ಐದು ಕೋಟಿ ಜನ ನಂಬಿದ್ದರು.

ಆ ನಂಬಿಕೆಗೆ ಆಧಾರವಿರಲಿಲ್ಲವೆಂದು ಹೇಳುವಂತಿಲ್ಲ. ಆ ವರ್ಷ ಈಗಿನಂತೆ ಒಂದೇ ಅಂತಿಮ ಪಂದ್ಯವೆಂಬುದು ಇರಲಿಲ್ಲ. ಕೊನೆಯ ಸುತ್ತಿಗೆ ಬಂದ ನಾಲ್ಕು ತಂಡಗಳು ಪರಸ್ಪರ ಆಡಿ, ಹೆಚ್ಚು ಅಂಕ ಪಡೆದ ತಂಡ ಕಪ್ಪನ್ನು ಒಯ್ಯಬೇಕಾಗಿತ್ತು. ಬ್ರೆಜಿಲ್ ಸ್ವೀಡನ್ನಿನ ಮೇಲೆ ಏಳು ಗೋಲು ಹೊಡೆದು ಒಂದನ್ನು ಮಾತ್ರ ಬಿಟ್ಟುಕೊಟ್ಟಿತು. ಸ್ಪೇನಿನ ಮೇಲೆ ಆರು ಹೊಡೆದು ಒಂದನ್ನು ಬಿಟ್ಟುಕೊಟ್ಟಿತು. ನೆರೆಯ ಪುಟ್ಟ ದೇಶವಾದ ಉರುಗ್ವೆಯಾದರೋ ಸ್ಪೇನಿನೊಡನೆ ಎರಡೆರಡು ಗೋಲುಗಳ ಸಮ ಮಾಡಿಕೊಂಡು, ಸ್ವೀಡನ್ನನ್ನು ಮೂರು-ಎರಡರಿಂದ ಹೇಗೋ ಸೋಲಿಸಿ ಬಂದಿತ್ತು. 1950ರ ಜುಲೈ 16ರಂದು ಈ ಎರಡು ತಂಡಗಳು ಮರಕಾನದಲ್ಲಿ ಎದುರಾದವು. ಬ್ರೆಜಿಲಿಗೆ ಗೆಲುವೂ ಬೇಕಾಗಿರಲಿಲ್ಲ. ಪಂದ್ಯ ಸಮವಾದರೂ ಕಪ್ಪು ಅದರದೇ.

ಅಂದು ಟಿಕೆಟು ಕೊಂಡು ಒಳಗೆ ಬಂದವರೇ 1,73,850 ಮಂದಿ. ಒಳಗಿದ್ದವರ ಒಟ್ಟು ಸಂಖ್ಯೆ ಎರಡು ಲಕ್ಷದ ಸಮೀಪವೆಂದು ಅಂದಾಜು. ಉರುಗ್ವೆಯ ಇಡೀ ಜನಸಂಖ್ಯೆಯೇ ಆಗ ಇಪ್ಪತ್ತು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಒಂದು ಪತ್ರಿಕೆ ಪಂದ್ಯಕ್ಕೆ ಮುಂಚೆಯೇ ಬ್ರೆಜಿಲ್ ಆಟಗಾರರ ಚಿತ್ರವನ್ನು ಅಚ್ಚುಹಾಕಿ ಜಗಜ್ಜೇತರು ಇವರೇ ಎಂದು ಸಾರಿತ್ತು. ನಗರದ ಮೇಯರರು ಆಟಗಾರರನ್ನು ಗೆದ್ದವರೆಂದೇ ಸಂಬೋಧಿಸಿ ಭಾಷಣ ಮಾಡಿದರು. ಪಂದ್ಯಾವಳಿಯ ಜನಕರಾದ ಫ್ರಾನ್ಸಿನ ಜೂಲ್ ರಿಮೆ ಅವರ ಜೇಬಿನಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಬರೆದ ಅಭಿನಂದನೆಯೊಂದು ಸಿದ್ಧವಾಗಿತ್ತು. ಎರಡು ತಿಂಗಳ ಹಿಂದೆ, ಮೇ 6ರಂದು, ಇದೇ ಉರುಗ್ವೆ ಇದೇ ಬ್ರೆಜಿಲನ್ನು ಬ್ರೆಜಿಲಿನ ನೆಲದಲ್ಲೇ ನಾಲ್ಕು-ಮೂರರಿಂದ ಸೋಲಿಸಿತ್ತೆಂಬುದನ್ನು ಆ ಗದ್ದಲದಲ್ಲಿ ನೆನೆದವರು ಕಡಮೆ.

ಆಟದ ಮೊದಲರ್ಧದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಎರಡನೆಯರ್ಧ ಮೊದಲಾದ ಎರಡೇ ನಿಮಿಷಗಳಲ್ಲಿ ಬ್ರೆಜಿಲಿನ ಫ್ರಿಯಾಸ ಚೆಂಡನ್ನು ಬಲೆಗೆ ಕಳುಹಿಸಿದನು. ಕ್ರೀಡಾಂಗಣ ಅಲುಗಾಡಿತು. ಉರುಗ್ವೆಯ ನಾಯಕ ಒಬ್ದುಲಿಯೊ ವರೇಲ ಆಗ ಒಂದು ವಿಚಿತ್ರವಾದ ಕೆಲಸ ಮಾಡಿದನು. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ನಿಧಾನವಾಗಿ ನಡೆದು, ಗೋಲು ಸರಿಯಲ್ಲವೆಂದು ಇಂಗ್ಲೆಂಡಿನ ತೀರ್ಪುಗಾರರೊಡನೆ ವಾದಕ್ಕೆ ನಿಂತನು. ಅವರಿಗೆ ಇವನ ಭಾಷೆ ಬಾರದು, ಇವನಿಗೆ ಅವರ ಭಾಷೆ ಬಾರದು. ದುಭಾಷಿ ಬೇಕೆಂದು ಹಟ ಹಿಡಿದನು. ಗೋಲು ರದ್ದಾಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಜನರ ಕೂಗು ತಣ್ಣಗಾಗುವವರೆಗೆ ಕಾಲ ಕಳೆಯಬೇಕಾಗಿತ್ತು, ಅಷ್ಟೆ. ಬ್ರೆಜಿಲಿನ ಮಂದಿ ಈ ಪಂದ್ಯವನ್ನು ಕುರಿತು ವಾದಿಸುವಾಗ ವರೇಲನ ಈ ಜಾಣ್ಮೆಗೆ ಸಲ್ಲಬೇಕಾದ ಪಾಲನ್ನು ಕೊಟ್ಟದ್ದು ಅಪರೂಪ. ಸೋತವನಿಗೆ ತನ್ನವರ ತಪ್ಪು ಕಾಣುವಷ್ಟು ಸ್ಪಷ್ಟವಾಗಿ ಎದುರಾಳಿಯ ಗುಣ ಕಾಣುವುದಿಲ್ಲ.

ಅರವತ್ತಾರನೆಯ ನಿಮಿಷದಲ್ಲಿ ಉರುಗ್ವೆಯ ಗಿಗ್ಗಿಯಾ ಬಲ ಅಂಚಿನಲ್ಲಿ ಓಡಿಬಂದನು. ಅವನನ್ನು ತಡೆಯಬೇಕಾಗಿದ್ದ ಬಿಗೋಡಿ ಹಿಂದೆ ಬಿದ್ದನು. ಗಿಗ್ಗಿಯಾ ಗೋಲಿನ ಕಡೆಗೆ ಹೊಡೆಯದೆ ಚೆಂಡನ್ನು ನಡುವಿಗೆ ತಳ್ಳಿದನು. ಅಲ್ಲಿ ಕಾದಿದ್ದ ಸ್ಕಿಯಾಫಿನೊ ಅದನ್ನು ಗೋಲಾಗಿಸಿದನು. ಒಂದು-ಒಂದು. ಆಗಲೂ ಕಪ್ಪು ಬ್ರೆಜಿಲಿನದೇ. ಎಪ್ಪತ್ತೊಂಬತ್ತನೆಯ ನಿಮಿಷದಲ್ಲಿ ಮತ್ತೆ ಅದೇ ಗಿಗ್ಗಿಯಾ, ಮತ್ತೆ ಅದೇ ಅಂಚು, ಮತ್ತೆ ಹಿಂದೆ ಬಿದ್ದ ಬಿಗೋಡಿ.

ಬ್ರೆಜಿಲಿನ ಗೋಲನ್ನು ಕಾಯುತ್ತಿದ್ದವನು ಮೊಆಸಿರ್ ಬಾರ್ಬೋಸ, ವಯಸ್ಸು ಇಪ್ಪತ್ತೊಂಬತ್ತು. ವಾಸ್ಕೊ ಡ ಗಾಮ ಎಂಬ ಕ್ಲಬ್ಬಿನ ಆಟಗಾರ. ಕಲ್ಲಿಕೋಟೆಗೆ ಬಂದಿಳಿದ ಆ ನಾವಿಕನ ಹೆಸರನ್ನೇ ರಿಯೊ ನಗರದ ಪೋರ್ಚುಗೀಸರು ತಮ್ಮ ಕ್ಲಬ್ಬಿಗೆ ಇಟ್ಟುಕೊಂಡಿದ್ದರು. ಬಾರ್ಬೋಸ ಕೈಗವಸು ಹಾಕುತ್ತಿರಲಿಲ್ಲ. ಚೆಂಡಿನ ಸ್ಪರ್ಶ ಬರಿಗೈಗೆ ತಿಳಿಯಬೇಕೆಂಬುದು ಅವನ ಅಭಿಪ್ರಾಯ. ಹಿಂದಿನ ವರ್ಷ ಬ್ರೆಜಿಲ್ ದಕ್ಷಿಣ ಅಮೆರಿಕದ ಪ್ರಶಸ್ತಿಯನ್ನು ಗೆದ್ದಾಗ ಗೋಲಿನಲ್ಲಿ ನಿಂತವನು ಅವನೇ. ದೇಶದಲ್ಲಿ ಅವನಿಗಿಂತ ಒಳ್ಳೆಯ ಗೋಲ್‌ಕೀಪರನಿದ್ದನೆಂದು ಆ ಭಾನುವಾರದ ಮಧ್ಯಾಹ್ನದವರೆಗೆ ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ.

ಕಾಲ್ಚೆಂಡಾಟದ ಗೋಲು ಇಪ್ಪತ್ತನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರ. ಎರಡು ಕೈಗಳ ಮನುಷ್ಯ ಅದನ್ನು ಪೂರ್ತಿಯಾಗಿ ಮುಚ್ಚಲಾರ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆಯುತ್ತದೆ. ಆದ್ದರಿಂದ ಗೋಲ್‌ಕೀಪರನು ಎದುರಾಳಿಯ ಮನಸ್ಸನ್ನು ಊಹಿಸಿ, ಚೆಂಡು ಬರುವ ಮೊದಲೇ ತಾನು ನಿಲ್ಲಬೇಕಾದ ಸ್ಥಳವನ್ನು ಆರಿಸಿಕೊಳ್ಳಬೇಕು. ಬಾರ್ಬೋಸ ಏನನ್ನು ಕಂಡನು? ಹದಿಮೂರು ನಿಮಿಷಗಳ ಹಿಂದೆ ಇದೇ ಆಟಗಾರ ಇದೇ ಸ್ಥಳದಿಂದ ಚೆಂಡನ್ನು ನಡುವಿಗೆ ತಳ್ಳಿ ಗೋಲು ಮಾಡಿಸಿದ್ದನು. ಈಗಲೂ ನಡುವೆ ಉರುಗ್ವೆಯ ಆಟಗಾರರು ಓಡಿಬರುತ್ತಿದ್ದರು. ಗೆದ್ದ ಉಪಾಯವನ್ನು ಬಿಟ್ಟು ಬೇರೆಯದನ್ನು ಹುಡುಕುವವರು ಎಷ್ಟು ಜನ? ಚೆಂಡು ನಡುವಿಗೇ ಬರುವುದೆಂದು ಎಣಿಸಿ ಬಾರ್ಬೋಸ ತನ್ನ ಎಡಗಡೆಯ ಕಂಬವನ್ನು ಬಿಟ್ಟು ಒಂದು ಹೆಜ್ಜೆ ಈಚೆಗೆ ಬಂದನು. ಕಂಬಕ್ಕೂ ಅವನಿಗೂ ನಡುವೆ ಕಿರಿದಾದ ಸಂದು ತೆರೆಯಿತು. ಗಿಗ್ಗಿಯಾ ಆ ಸಂದನ್ನು ಕಂಡು ಅಲ್ಲಿಗೇ ಹೊಡೆದನು. ಬಾರ್ಬೋಸ ಹಿಂದಕ್ಕೆ ಹಾರಿದನು. ಬೆರಳುಗಳು ಚೆಂಡನ್ನು ಸೋಕಿದವು. ಅದು ಹೊರಗೆ ಹೋಯಿತೆಂದೇ ತಾನು ಭಾವಿಸಿದ್ದಾಗಿ ಅವನು ಮುಂದೆ ಹೇಳಿಕೊಂಡನು. ಆದರೆ ಇಡೀ ಕ್ರೀಡಾಂಗಣ ನಿಶ್ಶಬ್ದವಾಗಿತ್ತು. ಧೈರ್ಯ ತಂದುಕೊಂಡು ಹಿಂದಿರುಗಿ ನೋಡಿದಾಗ ಚೆಂಡು ಬಲೆಯಲ್ಲಿತ್ತು.

ಆ ಮೌನವನ್ನು ವರ್ಣಿಸದ ಲೇಖಕರಿಲ್ಲ. ಸಮನಾಗಿದ್ದಾಗ ಪಾರಿತೋಷಕ ಪ್ರದಾನದ ಸಿದ್ಧತೆಗೆಂದು ಮೆಟ್ಟಿಲಿಳಿದಿದ್ದ ಜೂಲ್ ರಿಮೆ ಮೈದಾನಕ್ಕೆ ಬರುವ ಹೊತ್ತಿಗೆ ಜಯಘೋಷವೂ ಇರಲಿಲ್ಲ, ಗೌರವ ಪಂಕ್ತಿಯೂ ಇರಲಿಲ್ಲ. ಜೇಬಿನ ಭಾಷಣ ಜೇಬಿನಲ್ಲೇ ಉಳಿಯಿತು. ನೂಕುನುಗ್ಗಲಿನ ನಡುವೆ ವರೇಲನನ್ನು ಹುಡುಕಿ, ಕಪ್ಪನ್ನು ಕೈಗಿತ್ತು, ಕೈಕುಲುಕಿ ಅವರು ಹೊರಟುಹೋದರು.

ಅಂದೇ ವಾದ ಮೊದಲಾಯಿತು. ತರಬೇತುಗಾರ ಫ್ಲಾವಿಯೊ ಕೋಸ್ಟನ ವ್ಯೂಹವೇ ತಪ್ಪೆಂದರು ಕೆಲವರು. ಪಂದ್ಯದ ಮುನ್ನ ಆಟಗಾರರನ್ನು ಏಕಾಂತದಿಂದ ನಗರದೊಳಕ್ಕೆ ತಂದು, ರಾಜಕಾರಣಿಗಳ ಭಾಷಣಗಳಿಗೆ ಕಿವಿಯೊಡ್ಡಿಸಿದ್ದೇ ಅನರ್ಥಕ್ಕೆ ಕಾರಣವೆಂದರು ಇನ್ನು ಕೆಲವರು. ವರೇಲ ಬಿಗೋಡಿಯ ಕೆನ್ನೆಗೆ ಹೊಡೆದನೆಂದೂ, ಬಿಗೋಡಿ ತಿರುಗಿ ಹೊಡೆಯಲಿಲ್ಲವಾದ್ದರಿಂದ ಹೇಡಿಯೆಂದೂ ಕಥೆ ಹಬ್ಬಿತು. ಅದು ಹೊಡೆತವೇ ಅಲ್ಲವೆಂದು ಅವರಿಬ್ಬರೂ ಹೇಳಿದರೂ ಕೇಳಿದವರಾರು? ಬಿಗೋಡಿ ಹಿಂದೆ ಬಿದ್ದಾಗ ಜುವೆನಾಲ್ ಅಡ್ಡ ಬರಬೇಕಾಗಿತ್ತೆಂಬುದು ಮತ್ತೊಂದು ಪಕ್ಷ. ಇಷ್ಟಾದರೂ ದಿನ ಕಳೆದಂತೆ ಎಲ್ಲ ಬೆರಳುಗಳೂ ಒಂದೇ ಕಡೆಗೆ ತಿರುಗಿದವು. ಕಂಬವನ್ನು ಬಿಟ್ಟು ಈಚೆಗೆ ಬಂದವನು ಯಾರು? ಬಾರ್ಬೋಸ!

ಗೋಲ್‌ಕೀಪರನ ಪಾಡೇ ಹಾಗೆ. ಮುಂದೆ ಆಡುವವನು ಹತ್ತು ಅವಕಾಶಗಳನ್ನು ಕಳೆದುಕೊಂಡು ಒಂದು ಗೋಲು ಹೊಡೆದರೆ ಅವನನ್ನು ಹೆಗಲ ಮೇಲೆ ಹೊರುತ್ತಾರೆ. ಗೋಲ್‌ಕೀಪರನು ಹತ್ತನ್ನು ತಡೆದು ಒಂದನ್ನು ಬಿಟ್ಟರೆ ಆ ಒಂದೇ ಲೆಕ್ಕಕ್ಕೆ ಬರುತ್ತದೆ. ಸ್ವೀಡನ್ನಿನ ಮೇಲೆ ಏಳು, ಸ್ಪೇನಿನ ಮೇಲೆ ಆರು ಹೊಡೆದಿದ್ದ ಮುಂಚೂಣಿಯ ವೀರರು ಅಂದು ಒಂದಕ್ಕೇ ತೃಪ್ತರಾದರಲ್ಲ, ಅವರನ್ನು ಯಾರೂ ಅರ್ಧ ಶತಮಾನ ಕಾಲ ಪ್ರಶ್ನಿಸಲಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬ್ರೆಜಿಲಿಗೆ ದೂರದರ್ಶನ ಬಂದದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ, ಪಂದ್ಯ ಮುಗಿದ ಎರಡು ತಿಂಗಳ ಮೇಲೆ. ಆ ಪಂದ್ಯದ ಚಲನಚಿತ್ರವೂ ತುಣುಕುಗಳಾಗಿ ಮಾತ್ರ ಉಳಿದಿದೆ. ಎಂದ ಮೇಲೆ ಕ್ರೀಡಾಂಗಣದ ಎರಡು ಲಕ್ಷ ಜನರನ್ನು ಬಿಟ್ಟರೆ ಉಳಿದ ಕೋಟ್ಯಂತರ ಮಂದಿ ಆ ಗೋಲನ್ನು ಕಂಡವರಲ್ಲ, ರೇಡಿಯೋದಲ್ಲಿ ಕೇಳಿದವರು. ಎರಡು ಲಕ್ಷದಲ್ಲಿಯೂ ಆ ಕಂಬದ ಬಳಿಯ ಒಂದು ಹೆಜ್ಜೆಯನ್ನು ಕಣ್ಣಾರೆ ಅಳೆಯಬಲ್ಲಷ್ಟು ಸಮೀಪದಲ್ಲಿದ್ದವರು ಎಷ್ಟು ಮಂದಿ? ಕಾಣದವರು ಕೇಳಿದವರಿಂದ ತಿಳಿದರು. ಅವರ ಮಕ್ಕಳು ಅವರಿಂದ ತಿಳಿದರು. ಹೀಗೆ ಬಾರ್ಬೋಸನ ತಪ್ಪು ಅವನನ್ನು ಎಂದೂ ನೋಡದವರಿಗೂ ಕಣ್ಣಿಗೆ ಕಟ್ಟಿದ ಸತ್ಯವಾಯಿತು.

ಬಾರ್ಬೋಸ, ಬಿಗೋಡಿ, ಜುವೆನಾಲ್ ಈ ಮೂವರ ಮೈಬಣ್ಣ ಕಪ್ಪು ಎಂಬುದನ್ನು ಮರೆಯುವಂತಿಲ್ಲ. ಹನ್ನೊಂದು ಜನ ಸೋತಾಗ ಮೂವರೇ ಅಪರಾಧಿಗಳಾದದ್ದು, ಆ ಮೂವರೂ ಇವರೇ ಆದದ್ದು ಆಕಸ್ಮಿಕವಲ್ಲವೆಂದು ಮಾರಿಯೊ ಫಿಲ್ಯೊ ಎಂಬ ಪ್ರಸಿದ್ಧ ಕ್ರೀಡಾ ಪತ್ರಕರ್ತ ಎತ್ತಿ ತೋರಿಸಿದನು. ಮರಕಾನಕ್ಕೆ ಈಗ ಅಧಿಕೃತವಾಗಿ ಇರುವುದು ಅವನ ಹೆಸರೇ. ಗೋಲು ಕಾಯುವ ಕೆಲಸಕ್ಕೆ ಕಪ್ಪು ಜನ ತಕ್ಕವರಲ್ಲವೆಂಬ ಕೆಟ್ಟ ನುಡಿಯೊಂದು ಆ ದೇಶದಲ್ಲಿ ಬೇರೂರಿತು. ಬಾರ್ಬೋಸನ ಬಳಿಕ ವಿಶ್ವಕಪ್ಪಿನಲ್ಲಿ ಬ್ರೆಜಿಲಿನ ಮೊದಲ ಆಯ್ಕೆಯಾಗಿ ಕಪ್ಪು ಗೋಲ್‌ಕೀಪರನೊಬ್ಬನು ನಿಂತದ್ದು 2006ರಲ್ಲಿ. ಅವನ ಹೆಸರು ದೀದಾ. ನಡುವೆ 1966ರಲ್ಲಿ ಮಾಂಗ ಎಂಬವನು ಒಂದೇ ಒಂದು ಪಂದ್ಯ ಆಡಿದ್ದುಂಟು. ಒಂದು ಹೆಜ್ಜೆಗೆ ಐವತ್ತಾರು ವರ್ಷಗಳ ದಂಡ!

ದೋಷ ಹುಡುಕುವವರ ಕಣ್ಣಿಗೆ ಆಟಗಾರರು ತೊಟ್ಟ ಬಟ್ಟೆಯೂ ಬಿತ್ತು. ಬ್ರೆಜಿಲ್ ತಂಡ ಅಂದು ತೊಟ್ಟಿದ್ದು ಬಿಳಿಯ ಅಂಗಿ. ಅದು ಅಪಶಕುನದ ಬಣ್ಣ, ದೇಶಾಭಿಮಾನವಿಲ್ಲದ ಬಣ್ಣ ಎಂದರು. 1953ರಲ್ಲಿ ಪತ್ರಿಕೆಯೊಂದು ಹೊಸ ಉಡುಪಿಗಾಗಿ ಸ್ಪರ್ಧೆ ಏರ್ಪಡಿಸಿತು. ಧ್ವಜದ ನಾಲ್ಕು ಬಣ್ಣಗಳೂ ಅದರಲ್ಲಿರಬೇಕೆಂಬುದು ನಿಬಂಧನೆ. ಗೆದ್ದವನು ಆಲ್ದಿರ್ ಸ್ಕ್ಲೀ ಎಂಬ ಹತ್ತೊಂಬತ್ತು ವರ್ಷದ ಯುವಕ. ಇಂದು ಜಗತ್ತೆಲ್ಲ ಗುರುತಿಸುವ ಹಳದಿ ಅಂಗಿ, ನೀಲಿ ಚಡ್ಡಿ ಅವನ ಕಲ್ಪನೆ. ಅವನು ಹುಟ್ಟಿದ್ದು ಉರುಗ್ವೆಯ ಗಡಿಯ ಊರಿನಲ್ಲಿ. ಎರಡು ದೇಶಗಳು ಆಡಿದರೆ ಅವನ ಒಲವು ಉರುಗ್ವೆಯ ಕಡೆಗೆ! ವಿಧಿಯ ವಿನೋದವೆಂದರೆ ಇದೇ ಇರಬೇಕು. ಅಂಗಿಯೇನೋ ಬದಲಾಯಿತು. 1950ರಲ್ಲಿ ತಂದೆ ರೇಡಿಯೋದ ಮುಂದೆ ಅಳುವುದನ್ನು ಕಂಡು, ಒಂದು ದಿನ ತಾನೇ ಆ ಕಪ್ಪನ್ನು ತಂದುಕೊಡುವೆನೆಂದು ಮಾತು ಕೊಟ್ಟ ಒಂಬತ್ತು ವರ್ಷದ ಬಾಲಕನೊಬ್ಬ 1958ರಲ್ಲಿ ಆ ಮಾತನ್ನು ನಡೆಸಿಕೊಟ್ಟನು. ಅವನೇ ಪೆಲೆ. ಬ್ರೆಜಿಲ್ 1962ರಲ್ಲಿ ಗೆದ್ದಿತು, 1970ರಲ್ಲಿಯೂ ಗೆದ್ದಿತು. ಇಷ್ಟು ಗೆಲುವುಗಳಾದ ಮೇಲಾದರೂ ಹಳೆಯ ಸೋಲು ಮರೆಯಬೇಕಾಗಿತ್ತು. ಮರೆಯಲಿಲ್ಲ.

ಬಾರ್ಬೋಸ ತನ್ನ ಕ್ಲಬ್ಬಿಗೆ ಬಹುಕಾಲ ಆಡಿದನು, ಪ್ರಶಸ್ತಿಗಳನ್ನೂ ಗೆದ್ದುಕೊಟ್ಟನು. ದೇಶದ ಪರವಾಗಿ ಮಾತ್ರ ಮತ್ತೆ ಆಡಿದ್ದು ಒಂದೇ ಪಂದ್ಯ. ನಿವೃತ್ತನಾದ ಮೇಲೆ ಅವನಿಗೆ ಕೆಲಸ ದೊರೆತದ್ದು ಎಲ್ಲಿ? ಅದೇ ಮರಕಾನದಲ್ಲಿ! ಸೋತ ಅಂಗಳದ ಪಕ್ಕದಲ್ಲೇ ಅವನು ದಿನವೂ ಓಡಾಡಬೇಕಾಯಿತು. ಹಳೆಯ ಮರದ ಗೋಲುಕಂಬಗಳನ್ನು ಕಿತ್ತು ಹೊಸವನ್ನು ನೆಟ್ಟಾಗ, ಕಿತ್ತ ಕಂಬಗಳನ್ನು ಅವನು ಮನೆಗೆ ಒಯ್ದು, ಗೆಳೆಯರನ್ನು ಊಟಕ್ಕೆ ಕರೆದು, ಅಡುಗೆಯ ಬೆಂಕಿಗೆ ಅವನ್ನೇ ಸೌದೆ ಮಾಡಿದನೆಂದು ಹೇಳುವುದುಂಟು. ಈ ಕಥೆಯನ್ನು ನಂಬದವರೂ ಇದ್ದಾರೆ. ನಡೆದಿರಲಿ ಬಿಡಲಿ, ಅಂಥ ಕಥೆ ಹುಟ್ಟಿದ್ದು ಸಹಜವೇ.

ಇಪ್ಪತ್ತು ವರ್ಷಗಳ ಅನಂತರ ಒಂದು ಅಂಗಡಿಯಲ್ಲಿ ತಾಯಿಯೊಬ್ಬಳು ಅವನತ್ತ ಬೆರಳು ತೋರಿ, ಬ್ರೆಜಿಲನ್ನೆಲ್ಲ ಅಳಿಸಿದವನು ಇವನೇ ನೋಡು ಎಂದು ಮಗನಿಗೆ ಹೇಳಿದಳಂತೆ. ತನ್ನ ಬಾಳಿನಲ್ಲಿ ಅತ್ಯಂತ ನೋವು ಕೊಟ್ಟ ಗಳಿಗೆ ಅದೆಂದು ಬಾರ್ಬೋಸ ನೆನೆಯುತ್ತಿದ್ದನು. 1993ರಲ್ಲಿ, ಆಗಿನ ತಂಡದ ಅಭ್ಯಾಸ ಶಿಬಿರಕ್ಕೆ ಆಟಗಾರರನ್ನು ಹರಸಲು ಹೋದಾಗ, ಅಪಶಕುನವೆಂದು ಅವನನ್ನು ಒಳಕ್ಕೆ ಬಿಡಲಿಲ್ಲ. ಆ ದೇಶದ ಕಾನೂನಿನಲ್ಲಿ ಆಗ ಎಂಥ ಘೋರ ಅಪರಾಧಕ್ಕೂ ಮೂವತ್ತು ವರ್ಷಕ್ಕೆ ಮೀರಿದ ಸೆರೆಯಿರಲಿಲ್ಲ. ತಾನು ಮಾತ್ರ ಮಾಡದ ತಪ್ಪಿಗೆ ಐವತ್ತು ವರ್ಷಗಳಿಂದ ಶಿಕ್ಷೆ ಅನುಭವಿಸುತ್ತಿರುವುದಾಗಿ ಅವನು ಮುಪ್ಪಿನಲ್ಲಿ ನೊಂದು ನುಡಿದನು. 2000ದ ಏಪ್ರಿಲ್ 7ರಂದು, ಪ್ರಾಯಿಯಾ ಗ್ರಾಂಡೆ ಎಂಬ ಕಡಲ ತೀರದ ಊರಿನಲ್ಲಿ ತೀರಿಕೊಂಡನು.

ಅವನು ಬದುಕಿದ್ದಾಗಲೇ, 1988ರಲ್ಲಿ, ಅವನ ಹೆಸರಿನಲ್ಲೇ ಒಂದು ಕಿರುಚಿತ್ರ ತಯಾರಾಯಿತು. ಬಾಲ್ಯದಲ್ಲಿ ಆ ಸೋಲನ್ನು ಕಂಡು ಕೊರಗಿದ ಒಬ್ಬಾತ, ಕಾಲವನ್ನು ಹಿಂದಕ್ಕೆ ದಾಟಿ 1950ರ ಮರಕಾನಕ್ಕೆ ಹೋಗುತ್ತಾನೆ. ಗಿಗ್ಗಿಯಾ ಎಲ್ಲಿಗೆ ಹೊಡೆಯುವನೆಂದು ಅವನಿಗೆ ಗೊತ್ತು. ಗೋಲಿನ ಹಿಂದೆ ನುಸುಳಿ ಬಾರ್ಬೋಸನನ್ನು ಎಚ್ಚರಿಸಲು ಕೂಗುತ್ತಾನೆ. ಆ ಕೂಗಿಗೆ ಬಾರ್ಬೋಸನ ಗಮನ ಒಂದು ಕ್ಷಣ ತಪ್ಪುತ್ತದೆ; ಚೆಂಡು ಒಳಗೆ ಹೋಗುತ್ತದೆ.

ಗೆದ್ದವರ ಕಡೆಯಿಂದ ಬಾರ್ಬೋಸನ ದೇಶಕ್ಕೆ ಕನಿಕರ ದೊರೆಯದಿರಲಿಲ್ಲ. ಅಂದಿನ ರಾತ್ರಿ ವರೇಲ ತನ್ನವರ ಸಂಭ್ರಮವನ್ನು ಬಿಟ್ಟು ರಿಯೊ ನಗರದ ಪಾನಗೃಹಗಳಲ್ಲಿ ಅಡ್ಡಾಡಿದನು. ಅಲ್ಲಿ ಕುಳಿತು ಅಳುತ್ತಿದ್ದ ಅಪರಿಚಿತರ ಜೊತೆಯಲ್ಲಿ ತಾನೂ ಕುಳಿತನು. ಮೈದಾನದಲ್ಲಿ ಶತ್ರುವಾಗಿ ಕಂಡ ಆ ಜನಸಮೂಹ, ಒಬ್ಬೊಬ್ಬರಾಗಿ ಎದುರು ಕುಳಿತಾಗ ಮರುಕ ಹುಟ್ಟಿಸಿತೆಂದು ಅವನು ಮುಂದೆ ಹೇಳಿದನು.

2014ರಲ್ಲಿ ವಿಶ್ವಕಪ್ಪು ಮತ್ತೆ ಬ್ರೆಜಿಲಿಗೆ ಬಂದಿತು. ಜುಲೈ 8ರಂದು ಜರ್ಮನಿ ಆ ನೆಲದಲ್ಲೇ ಬ್ರೆಜಿಲನ್ನು ಏಳು-ಒಂದರಿಂದ ಸೋಲಿಸಿತು. ಮರುದಿನ ರಿಯೊ ನಗರದ ಪತ್ರಿಕೆಯೊಂದು ಮೊದಲ ಪುಟದಲ್ಲೇ 1950ರ ಆಟಗಾರರನ್ನು ಅಭಿನಂದಿಸಿತು. ನಿಜವಾದ ಅವಮಾನವೆಂದರೆ ಏನೆಂಬುದು ಈಗ ಗೊತ್ತಾಯಿತೆಂದು ಬರೆಯಿತು. ಅಭಿನಂದನೆಯನ್ನು ಕೇಳಲು ಅಂದಿನ ಹನ್ನೊಂದು ಮಂದಿಯಲ್ಲಿ ಒಬ್ಬರೂ ಉಳಿದಿರಲಿಲ್ಲ.

ಗಿಗ್ಗಿಯಾ ಮಾತ್ರ ಇನ್ನೂ ಇದ್ದನು. ಅವನನ್ನು ಬ್ರೆಜಿಲಿನವರು ದ್ವೇಷಿಸಲಿಲ್ಲ. 2009ರ ಡಿಸೆಂಬರಿನಲ್ಲಿ ಅವನನ್ನು ಮರಕಾನಕ್ಕೆ ಆದರದಿಂದ ಬರಮಾಡಿಕೊಂಡರು. ಅಲ್ಲಿ ಮಹಾನ್ ಆಟಗಾರರ ಹೆಜ್ಜೆಗುರುತುಗಳನ್ನು ಅಚ್ಚೊತ್ತಿ ಇರಿಸುವ ಪದ್ಧತಿಯುಂಟು. ಎಂಬತ್ತಮೂರು ವರ್ಷದ ಗಿಗ್ಗಿಯಾ ಕಣ್ಣೀರು ಒರೆಸಿಕೊಳ್ಳುತ್ತ ತನ್ನ ಪಾದಗಳನ್ನು ಅಲ್ಲಿ ಊರಿದನು.